ಬೆಳಗಿನ ಕೊಡುಗೆ

ಆಕ್ಸ್‌ಫರ್ಡ್
9 ಅಕ್ಟೋಬರ್ 1893

ಪ್ರೀತಿಯ ಹೆಪ್ಸಿಬಾ ಅತ್ತೆಯವರಿಗೆ,

ಇಂದು ಅಕ್ಟೋಬರ್ ಒಂಬತ್ತು, ಸೋಮವಾರ. ಈ ಪತ್ರದ ಉದ್ದೇಶ ಒಂದೇ: ಹೆಂಡತಿಯ ಬಗ್ಗೆ, ಮದುವೆಯ ಬಗ್ಗೆ ನಿಮ್ಮ ಸ್ಕೆಲ್‌ಬೆಕ್ ಕಣಿವೆಯ ಜನ ಆಡುವ ಪದಗಳನ್ನು ನಿಮ್ಮಿಂದ ಬರೆಯಿಸಿಕೊಳ್ಳುವುದು. ಕುಶಲಪ್ರಶ್ನೆಗಳನ್ನು ಪತ್ರದ ಕೊನೆಗೆ ಇಟ್ಟಿದ್ದೇನೆ.

ಇಲ್ಲಿಯ ಪ್ರಾಚೀನ ಭಾಷಾ ಸಂಘದವರು ಪ್ರಬಂಧಸ್ಪರ್ಧೆಯೊಂದನ್ನು ಏರ್ಪಡಿಸಿದ್ದಾರೆ. ವಿಷಯ, ಹಳೆಯ ಇಂಗ್ಲಿಷ್ ಪದಗಳಲ್ಲಿ ಪತ್ನಿಯ ಸ್ಥಾನ. ಗಂಡಸರ ಕಾಲೇಜುಗಳಿಂದಲೂ ಸ್ಪರ್ಧಿಗಳಿದ್ದಾರೆ. ತರಗತಿಯಲ್ಲಿ ನಾನು ಮೊದಲಿಗಳೆಂಬುದು ನಿಮಗೆ ತಿಳಿದೇ ಇದೆ. ಇಲ್ಲಿ ಎರಡನೆಯವಳಾಗುವ ಉದ್ದೇಶ ನನಗಿಲ್ಲ.

ವಿಷಯ ಎಷ್ಟು ಸ್ವಾರಸ್ಯಕರವಾದುದೆಂಬುದಕ್ಕೆ ಎರಡು ಮಾತು. ಸಾವಿರ ವರ್ಷಗಳ ಹಿಂದೆ ನಮ್ಮವರ ಬಾಯಲ್ಲಿ 'ವೀಫ್' ಎಂದರೆ ಬರಿಯ ಹೆಂಗಸು; ಅವಳಿಗೆ ಗಂಡನಿರಬೇಕೆಂಬ ನಿಯಮವಿರಲಿಲ್ಲ. 'ಹೂಸ್‌ಬೊಂಡ' ಎಂದರೆ ಮನೆಯ ಒಡೆಯ. ಅವನಿಗೂ ಹೆಂಡತಿ ಇರಲೇಬೇಕೆಂದಿರಲಿಲ್ಲ. 'ವೆಡ್' ಎಂದರೆ ಕೊಟ್ಟ ಮಾತಿಗೆ ಇಟ್ಟ ಒತ್ತೆ. ಕಾನೂನಿಗೂ ಮದುವೆಗೂ 'ಏವ್' ಎಂಬ ಒಂದೇ ಪದ. ಈ ಹೆಂಗಸರು ಹೇಗೆ ಬಾಳಿದರು, ಅವರ ಕೈಯಲ್ಲಿ ಏನಿತ್ತು ಎಂಬುದು ನನ್ನನ್ನು ಊಟದ ಹೊತ್ತಿನಲ್ಲಿಯೂ ಬಿಡುತ್ತಿಲ್ಲ.

ದಯವಿಟ್ಟು ಪದಗಳನ್ನು ಮಾತ್ರ ಬರೆಯಿರಿ. ಕಥೆಗಳು ಬೇಡ. ಪ್ರತಿಯೊಂದು ಪದದ ಮುಂದೆ ಅದನ್ನು ಆಡಿದವರ ವಯಸ್ಸನ್ನು ಕಾಣಿಸಿ.

ನೀವು ಕ್ಷೇಮವೆಂದು ನಂಬಿದ್ದೇನೆ.

ನಿಮ್ಮ ಸೋದರಸೊಸೆ,
ಅರ್ಸುಲಾ ಥ್ವೇಟ್

*

ಸ್ಕೆಲ್‌ಬೆಕ್
22 ಅಕ್ಟೋಬರ್ 1893

ಅರ್ಸುಲಾ ಮಗಳೇ,

ಕುಶಲ ಕೇಳೋದನ್ನ ಕೊನೇಲಿ ಇಟ್ಟೋಳು ನೀನೊಬ್ಬಳೇ ನೋಡು. ನಿಮ್ಮಪ್ಪನೂ ಚಿಕ್ಕವನಿದ್ದಾಗ ಹೀಗೇ. ಮೊದಲು ತಿಂಡಿ, ಆಮೇಲೆ ಅಕ್ಕ. ನಾನು ಚೆನ್ನಾಗಿದ್ದೀನಿ. ಎರಡು ಹಸುನೂ ಚೆನ್ನಾಗಿವೆ.

ಪದ ಕೇಳಿದ್ದೀಯ. ಇಲ್ಲಿ ಯಾವ ಗಂಡಸೂ ಹೆಂಡತೀನ ಹೆಂಡತಿ ಅಂತ ಕರೆಯಲ್ಲ. 'ನಮ್ಮ ಹುಡುಗಿ' ಅಂತಾರೆ. ಕಮ್ಮಾರ ಟೋಬಿಯಾಸನ ಹೆಂಡತಿ ಪ್ರೂಡೆನ್ಸ್‌ಗೆ ಎಪ್ಪತ್ತೆರಡು, ಬಾಯಲ್ಲಿ ಒಂದೂ ಹಲ್ಲಿಲ್ಲ, ಅವಳೂ 'ನಮ್ಮ ಹುಡುಗಿ'ನೇ. ಅವನನ್ನೇ ಕೇಳ್ದೆ, "ಹೆಂಡತಿ ಅಂತ ಯಾಕೆ ಅನ್ನಲ್ಲ ನೀನು?" ಅಂತ. "ಅವಳು ಕೇಳಿಸ್ಕೊಂಡ್ರೆ ಏನೋ ತಪ್ಪಾಗಿದೆ ಅನ್ಕೋತಾಳೆ" ಅಂದ. ಅವನ ವಯಸ್ಸು ಎಪ್ಪತ್ತೈದು, ಬರ್ಕೋ.

ಮದುವೆಗೆ ಮುಂಚೆ ಚರ್ಚಲ್ಲಿ ಮೂರು ಭಾನುವಾರ ಹೆಸರು ಕೂಗ್ತಾರಲ್ಲ, ಅದಕ್ಕೆ ನಮ್ಮ ಕಡೆ 'ಕೇಳೋದು' ಅಂತೀವಿ. ಮೂರನೇ ಸಲ ಕೂಗಿದ ಮೇಲೂ ಬೇಡ ಅಂದೋಳಿಗೆ 'ಚರ್ಚಿಗೆ ನಗು ತರಿಸಿದೋಳು' ಅಂತಾರೆ. ಅಂಥೋಳು ಒಬ್ಬಳೇ ಇದ್ದದ್ದು, ನಿನ್ನ ಮುತ್ತಜ್ಜಿಯ ತಂಗಿ. ನಿನಗೆ ಆ ಮೂಗು ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತಾ.

ಇನ್ನೂ ಬರೀತಿದ್ದೆ. ಜೊನಾಸ್ ಬಂದು ಗೋಡೆ ಹೊರಗೆ ನಿಂತಿದ್ದಾನೆ, ನಿನ್ನ ಮಾವನ ಅಣ್ಣನ ಮಗ. ಕಾಗದಕ್ಕಿಂತ ಅವನಿಗೆ ಉತ್ತರ ಕೊಡೋದು ಮುಖ್ಯ.

ಬೆಚ್ಚಗಿರೋ ಕಾಲುಚೀಲ ಹಾಕ್ಕೋ.

ನಿನ್ನ ಅತ್ತೆ,
ಹೆಪ್ಸಿಬಾ ಫಾಸೆಟ್

*

ಆಕ್ಸ್‌ಫರ್ಡ್
5 ನವೆಂಬರ್ 1893

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಪತ್ರಕ್ಕಾಗಿ ವಂದನೆಗಳು. ನಾನು ಕೇಳದಿದ್ದ ವಿಷಯಗಳು ಅದರಲ್ಲಿ ಹೆಚ್ಚಾಗಿದ್ದವು. ಆದರೂ ಉಪಯೋಗಕ್ಕೆ ಬರುವಷ್ಟು ಇತ್ತು. ಮುತ್ತಜ್ಜಿಯ ತಂಗಿಯ ಮೂಗನ್ನು ಪ್ರಬಂಧದಲ್ಲಿ ಸೇರಿಸಲಾಗದು.

ನನ್ನ ವಾದ ಈಗ ಒಂದು ರೂಪಕ್ಕೆ ಬರುತ್ತಿದೆ. ಆದರೆ ಅದರ ಮುಖ್ಯ ಕಂಬ ಒಂದು ಹಳೆಯ ಪದದ ಮೇಲೆ ನಿಂತಿದೆ. ಆ ಪದದ ಅರ್ಥವನ್ನು ನಾನು ನಿಮಗೆ ವಿವರಿಸುವುದಿಲ್ಲ. ವಿವರಿಸಿದರೆ ನೀವು ನನ್ನನ್ನು ಮೆಚ್ಚಿಸಲೆಂದು ಉತ್ತರಿಸುವ ಸಂಭವವಿದೆ. ಸಾಕ್ಷಿಗೆ ಉತ್ತರವನ್ನು ಹೇಳಿಕೊಟ್ಟು ಪ್ರಶ್ನೆ ಕೇಳುವುದು ಶಾಸ್ತ್ರೀಯ ಕ್ರಮವಲ್ಲವೆಂದು ನಮ್ಮ ಅಧ್ಯಾಪಕಿ ಮಿಸ್ ವೆನೇಬಲ್ಸ್ ಪದೇ ಪದೇ ಎಚ್ಚರಿಸುತ್ತಾರೆ. ಆದ್ದರಿಂದ ಇಷ್ಟು ಮಾತ್ರ ತಿಳಿಸಿ: 'ಬೆಳಗಿನ ಕೊಡುಗೆ' ಎಂಬ ಪದವನ್ನಾಗಲಿ, ಅದನ್ನು ಹೋಲುವ ಬೇರೆ ಪದವನ್ನಾಗಲಿ ನೀವು ಕಣಿವೆಯಲ್ಲಿ ಕೇಳಿದ್ದೀರಾ? ಹೌದು ಅಥವಾ ಇಲ್ಲ ಎಂದರೆ ಸಾಕು.

ಕಾಲುಚೀಲಗಳು ಬೆಚ್ಚಗಿವೆ.

ಅರ್ಸುಲಾ

*

ಸ್ಕೆಲ್‌ಬೆಕ್
19 ನವೆಂಬರ್ 1893

ಅರ್ಸುಲಾ,

ಇಲ್ಲ.

ಬೆಳಗ್ಗೆ ಹೊತ್ತು ಇಲ್ಲಿ ಯಾರೂ ಏನೂ ಕೊಡಲ್ಲ ಕಣೇ, ಹಾಲು ಕರೆಯೋ ಕೆಲಸ ಒಂದನ್ನ ಬಿಟ್ಟು. ಪ್ರೂಡೆನ್ಸ್‌ನೂ ಕೇಳ್ದೆ. ಅವಳಿಗೂ ಗೊತ್ತಿಲ್ಲ.

ಒಂದೇ ಮಾತು ಸಾಕು ಅಂದಿದ್ದೀಯ, ಅದಕ್ಕೇ ಇಷ್ಟಕ್ಕೆ ನಿಲ್ಲಿಸ್ತೀನಿ. ಒಂದು ಚೀಸ್ ಕಳಿಸಿದ್ದೀನಿ. ನಿಮ್ಮ ಅಧ್ಯಾಪಕಿಗೂ ಒಂದು ತುಂಡು ಕೊಡು, ಪಾಪ, ತಿಂದ್ಕೊಂಡು ಸ್ವಲ್ಪ ಸುಮ್ಮನಿರ್ತಾರೆ.

ಹೆಪ್ಸಿಬಾ ಅತ್ತೆ

*

ಆಕ್ಸ್‌ಫರ್ಡ್
17 ಫೆಬ್ರವರಿ 1894

ಪ್ರೀತಿಯ ಅತ್ತೆಯವರಿಗೆ,

ಮೊದಲ ಬಹುಮಾನ ನನ್ನ ಪ್ರಬಂಧಕ್ಕೆ ದೊರೆತಿದೆ. ತೀರ್ಪುಗಾರರಲ್ಲಿ ಯಾರೂ ಭಿನ್ನಾಭಿಪ್ರಾಯ ಸೂಚಿಸಲಿಲ್ಲವಂತೆ. ಮೇ ಹನ್ನೆರಡರಂದು ಸಂಘದ ಸಭೆಯಲ್ಲಿ ಅದನ್ನು ನಾನೇ ಓದಿ ಪದಕ ಸ್ವೀಕರಿಸಬೇಕು. ಹೆಂಗಸೊಬ್ಬಳು ಆ ವೇದಿಕೆಯ ಮೇಲೆ ನಿಲ್ಲುವುದು ಇದೇ ಮೊದಲು. ನಿಮ್ಮ ಕಡೆಯ ಪತ್ರಿಕೆಯವರು ಅದರ ಒಂದು ಭಾಗವನ್ನು ಅಚ್ಚು ಹಾಕಿದ್ದಾರೆ. ಪ್ರತಿಯನ್ನು ಇದರೊಂದಿಗೆ ಕಳುಹಿಸಿದ್ದೇನೆ.

ನಾನು ವಿವರಿಸದೆ ಬಿಟ್ಟಿದ್ದ ಪದ 'ಮೊರ್ಗೆನ್‌ಗಿಫು'. ಮದುವೆಯ ಮರುದಿನ ಬೆಳಗ್ಗೆ ಗಂಡ ಹೆಂಡತಿಗೆ ಕೊಡುತ್ತಿದ್ದ ಕೊಡುಗೆ ಅದು: ಹೊಲ, ದನ, ಕೆಲವೊಮ್ಮೆ ಇಡೀ ಊರು. ಅದು ಅವಳದೇ ಸ್ವತ್ತು, ಅವನು ಸತ್ತರೂ ಅವಳದು. ವಿಧವೆ ಒಂದು ವರ್ಷ ಮದುವೆಯಾಗದೆ ಕುಳಿತಿರಬೇಕು, ಅದರೊಳಗೆ ಇನ್ನೊಬ್ಬನ ಕೈ ಹಿಡಿದರೆ ಕೊಡುಗೆ ಕೈತಪ್ಪುತ್ತದೆ ಎಂದು ಒಬ್ಬ ರಾಜನ ಶಾಸನವೇ ಇದೆ. ನಾರ್ಮನ್ನರು ಬಂದರು, ಪದ ನಂದಿತು. ಅಚ್ಚಾದ ಭಾಗದ ಕೊನೆಯ ವಾಕ್ಯ ತೀರ್ಪುಗಾರರಿಗೆ ಬಹಳ ಹಿಡಿಸಿತೆಂದು ಕೇಳಿದ್ದೇನೆ: "ಪದ ಅಳಿದೊಡನೆ ಹಕ್ಕೂ ಅಳಿಯಿತು; ಇಂದು ಇಂಗ್ಲೆಂಡಿನ ಯಾವ ಮೂಲೆಯಲ್ಲಿಯೂ ಯಾವ ಹೆಂಡತಿಯೂ ಈ ಬಗೆಯಲ್ಲಿ ಒಂದು ಹಿಡಿ ಮಣ್ಣನ್ನು ಹೊಂದಿಲ್ಲ."

ಓದಿ ಅಭಿಪ್ರಾಯ ತಿಳಿಸಿ.

ಅರ್ಸುಲಾ

*

ಆಕ್ಸ್‌ಫರ್ಡ್
10 ಮಾರ್ಚ್ 1894

ಪ್ರೀತಿಯ ಅತ್ತೆಯವರಿಗೆ,

ನಿಮ್ಮಿಂದ ಉತ್ತರ ಬರಲಿಲ್ಲ. ಪ್ರಬಂಧದಲ್ಲಿ ನಿಮ್ಮ ಹೆಸರನ್ನು ಸೂಚಿಸಲಿಲ್ಲವೆಂದು ಬೇಸರವಾಗಿದ್ದರೆ, 'ಉತ್ತರದ ಒಬ್ಬ ವೃದ್ಧ ಮಹಿಳೆ' ಎಂದು ಅಡಿಟಿಪ್ಪಣಿಯಲ್ಲಿ ಕಾಣಿಸಿದ್ದೇನೆ. ಪತ್ರಿಕೆಯವರು ಅಡಿಟಿಪ್ಪಣಿಗಳನ್ನು ಕೈಬಿಟ್ಟಿದ್ದಾರೆ.

ಅರ್ಸುಲಾ

*

ಸ್ಕೆಲ್‌ಬೆಕ್
18 ಮಾರ್ಚ್ 1894

ಅರ್ಸುಲಾ ಮಗಳೇ,

ಅಡಿಟಿಪ್ಪಣಿ ಅಂದ್ರೆ ಏನು ಅಂತಾನೇ ನನಗೆ ಗೊತ್ತಿಲ್ಲ. ಬೇಸರ ಅದಕ್ಕಲ್ಲ. ವೃದ್ಧ ಅಂದದ್ದಕ್ಕೆ ಸ್ವಲ್ಪ ಇದೆ.

ನೀನು ಕಳಿಸಿದ ಪತ್ರಿಕೆ ಬರೋದಕ್ಕೆ ಮುಂಚೆನೇ ಜೊನಾಸ್ ಅದನ್ನ ಓದಿದ್ದ. ಪ್ರಾರ್ಥನಾಮಂದಿರದ ಚಹಾಕೂಟದಲ್ಲಿ ಎದ್ದು ನಿಂತು, ನಿನ್ನ ಹೆಸರು ಹೇಳಿ, ಕೊನೇ ವಾಕ್ಯಾನ ಎರಡು ಸಲ ಓದಿದ. ಗಂಡಸರೆಲ್ಲ ಚಹಾ ಬಟ್ಟಲೊಳಗೆ ನೋಡ್ತಾ ಕೂತ್ರು. ಹೆಂಗಸರು ನನ್ನ ಮುಖ ನೋಡಿದ್ರು.

ಈಗ ಕೇಳು. ನನ್ನ ಮದುವೆಯಾದ ಮರುದಿನ ಬೆಳಗ್ಗೆ ನಿನ್ನ ಆಂಬ್ರೋಸ್ ಮಾವ ನನ್ನನ್ನ ಹೊಳೆ ಮೇಲಿನ ಹುಲ್ಲುಗಾವಲಿಗೆ ಕರ್ಕೊಂಡು ಹೋದ್ರು. ಗುದ್ದಲೀಲಿ ಒಂದು ಹೆಂಟೆ ಕಿತ್ತು, ಹುಲ್ಲು ಸಮೇತ, ನನ್ನ ಮಡಿಲಿಗೆ ಹಾಕಿದ್ರು. ಟೋಬಿಯಾಸ್, ಪ್ರೂಡೆನ್ಸ್ ಇಬ್ಬರೂ ನಿಂತು ನೋಡಿದಾರೆ. "ಇನ್ಮೇಲೆ ನಾನೂ ಕೇಳಿ ಒಳಗೆ ಬರ್ತೀನಿ" ಅಂದ್ರು. ಬದುಕಿರೋವರೆಗೂ ಹಾಗೇ ಕೇಳಿ ಬಂದ್ರು. ಆ ತುಂಡು ನನ್ನದು. ಕಾಗದ ಗೀಗದ ಏನೂ ಇಲ್ಲ. ಇಲ್ಲಿ ಮದುವೆಯಾದ ಹೆಂಗಸರಿಗೆಲ್ಲ ಒಂದೊಂದು ಇರತ್ತೆ, ಕೆಲವರಿಗೆ ಹೊಲದಷ್ಟು, ಕೆಲವರಿಗೆ ಕಂಬಳಿ ಹಾಸೋವಷ್ಟು.

ಅದಕ್ಕೆ ಹೆಸರು ಅಂತ ಏನೂ ಇಲ್ಲ. ನನ್ನದನ್ನ 'ಹೆಪ್ಸಿಬಾದು' ಅಂತಾರೆ, ಪ್ರೂಡೆನ್ಸ್‌ದನ್ನ 'ಪ್ರೂಡೆನ್ಸ್‌ದು' ಅಂತಾರೆ. ನೀನು ಅಂಥ ಪದ ಕೇಳಿದ್ದೀರಾ ಅಂದೆ. ನಾನು ಇಲ್ಲ ಅಂದೆ. ಬೇರೆ ಏನಾದ್ರೂ ಕೇಳಿದ್ರೆ ಬೇರೆ ಏನಾದ್ರೂ ಹೇಳ್ತಿದ್ದೆ. ಹೆಂಡತಿ ಅಂದಮೇಲೆ ಎಲ್ಲಾ ಕಡೆ ಹೀಗೇ ಇರತ್ತೆ ಅಂತಾನೇ ಇಷ್ಟು ದಿನ ತಿಳ್ಕೊಂಡಿದ್ದೆ. ನಿಮ್ಮಮ್ಮನಿಗೆ ಕೊಟ್ಟಿಲ್ಲ ಅಂತ ಗೊತ್ತಿತ್ತು, ಅದು ಲೀಡ್ಸ್‌ನಲ್ಲಿ ಹುಲ್ಲು ಬೆಳೆಯೋ ಜಾಗ ಇಲ್ಲ ಅಂತ ಅಂದ್ಕೊಂಡಿದ್ದೆ.

ಆ ಹುಲ್ಲಿನ ಮೇಲೆ ನನ್ನ ಎರಡು ಹಸು, ಹಸುವಿನ ಮೇಲೆ ನನ್ನ ಚೀಸು, ಚೀಸಿನ ಮೇಲೆ ನನ್ನ ಒಲೆ. ಅದು ಹೋದ್ರೆ ಜೊನಾಸನ ಅಡುಗೆಮನೆ ಮೂಲೇಲಿ ನಂಗೊಂದು ಸ್ಟೂಲು. ನಿನ್ನ ಮಾವ ಹೋದ್ಮೇಲೆ ಉಳಿದ ಜಮೀನೆಲ್ಲ ಅವನದು; ಕಲ್ಲುಗಣಿಯವರಿಗೆ ಗಾಡಿರಸ್ತೆ ಬಿಟ್ಟುಕೊಡ್ತೀನಿ ಅಂತ ಮಾತು ಕೊಟ್ಟಿದ್ದಾನೆ. ರಸ್ತೆ ಹೋಗೋದು ನನ್ನ ತುಂಡಿನ ನಡುಮಧ್ಯದಲ್ಲೇ.

ಅಂದಹಾಗೆ ನಿನ್ನ ರಾಜನಿಗೆ ಹೇಳು. ಒಂದು ವರ್ಷ ಕೂತಿರಬೇಕಂತೆ. ನಾನು ಹನ್ನೊಂದು ವರ್ಷದಿಂದ ಕೂತಿದ್ದೀನಿ.

ನಿನ್ನ ಅತ್ತೆ

*

ಆಕ್ಸ್‌ಫರ್ಡ್
21 ಮಾರ್ಚ್ 1894

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಪತ್ರವನ್ನು ನಿಂತಲ್ಲಿಯೇ ಮೂರು ಬಾರಿ ಓದಿದೆ. ಗಂಟೆ ಹೊಡೆದದ್ದು ಕೇಳಿಸದೆ ಉಪನ್ಯಾಸವೊಂದು ತಪ್ಪಿತು. ಇದು ನನಗೆ ಹಿಂದೆಂದೂ ಆಗಿರಲಿಲ್ಲ.

ಅತ್ತೆ, ನೀವು ಬರೆದಿರುವುದೇ ಅದು. ಆ ಹೆಂಟೆ, ಆ ಬೆಳಗು, ಆ ಇಬ್ಬರು ಸಾಕ್ಷಿಗಳು. ಪುಸ್ತಕಗಳಲ್ಲಿ ಎಂಟು ನೂರು ವರ್ಷಗಳ ಹಿಂದೆ ಸತ್ತುಹೋದದ್ದು ನಿಮ್ಮ ಹಸುಗಳಿಗೆ ಮೇವಾಗಿ ನಿಂತಿದೆ. ದಯವಿಟ್ಟು ನನ್ನ ಪ್ರಶ್ನೆಗಳಿಗೆ ವಿಸ್ತಾರವಾಗಿ ಉತ್ತರಿಸಿ. ಹೆಂಟೆಯನ್ನು ಗಂಡನೇ ಕೀಳಬೇಕೆ? ಮಡಿಲಿನಿಂದ ಅದನ್ನು ಮತ್ತೆಲ್ಲಿಗೆ ಹಾಕುತ್ತಾರೆ? ಮಳೆ ಬಂದರೆ? ಗಂಡ ಕೇಳುವುದು ಯಾವ ಮಾತಿನಲ್ಲಿ? ಮಗಳಿಗೆ ಹೋಗುತ್ತದೆಯೆ? ಯಾವ ಹೆಂಗಸಾದರೂ ಅದನ್ನು ಗಂಡನಿಗೆ ಹಿಂದಿರುಗಿಸಿದ್ದುಂಟೆ? ಈ ಸಲ ಕಥೆಗಳು ಬೇಕು. ಎಲ್ಲ ಕಥೆಗಳೂ ಬೇಕು.

ಆ ವಾಕ್ಯವನ್ನು ತಿದ್ದಲು ಅನುಮತಿ ಕೋರಿ ಸಂಘದ ಕಾರ್ಯದರ್ಶಿಯವರಿಗೆ ಇಂದೇ ಬರೆದಿದ್ದೇನೆ. ಜೊನಾಸನಿಗೂ ಬರೆಯಲು ಕುಳಿತೆ, ಐದು ಪುಟಗಳಾದವು. ಮಿಸ್ ವೆನೇಬಲ್ಸ್ ಅದನ್ನು ಓದಿ, ವಾದ ನಿರ್ದೋಷವಾಗಿದೆ, ಆದರೆ ಇದನ್ನು ಓದುವ ರೈತ ಮೊದಲ ಪುಟದಲ್ಲಿಯೇ ಪೈಪು ಹೊತ್ತಿಸಿಕೊಳ್ಳುತ್ತಾನೆ ಎಂದರು. ಕಳುಹಿಸಲಿಲ್ಲ.

ಅರ್ಸುಲಾ

*

ಡಾರ್ಲಿಂಗ್ಟನ್, ಆಸ್ಪತ್ರೆ
29 ಏಪ್ರಿಲ್ 1894

ಅರ್ಸುಲಾ ಮಗಳೇ,

ಗಾಬರಿಯಾಗಬೇಡ. ಕೊಟ್ಟಿಗೆ ಮೆಟ್ಟಿಲ ಮೇಲೆ ಜಾರಿಬಿದ್ದು ಸೊಂಟದ ಮೂಳೆ ಮುರ್ಕೊಂಡೆ. ಯಾರೂ ತಳ್ಳಲಿಲ್ಲ, ಜೊನಾಸನೇ ಗಾಡಿ ಕಟ್ಟಿ ಕರ್ಕೊಂಡು ಬಂದದ್ದು, ದಾರಿಯುದ್ದಕ್ಕೂ ಕಂಬಳಿ ಸರಿಮಾಡ್ತಿದ್ದ. ಕೆಟ್ಟವನಲ್ಲ ಕಣೇ ಅವನು. ಅವನಿಗೂ ಐದು ಮಕ್ಕಳು, ಕಣಿವೇಲಿ ಕೆಲಸ ಇಲ್ಲ, ರಸ್ತೆ ಬಂದ್ರೆ ಹತ್ತು ಮನೆ ಗಂಡಸರಿಗೆ ಗಣೀಲಿ ಕೂಲಿ ಸಿಗತ್ತೆ. ಅದೂ ನಿಜಾನೇ.

ನಿನ್ನ ಪ್ರಶ್ನೆ ಎಲ್ಲಾ ಒಂದು ಕಡೆ ಇಟ್ಟಿದ್ದೀನಿ. ಮಳೆ ಬಂದ್ರೆ ನೆನೀತಾರೆ, ಇನ್ನೇನು. ಈಗ ಮುಖ್ಯವಾದ್ದು ಒಂದೇ.

ಮೇ ಹನ್ನೆರಡಕ್ಕೆ ಕುರಿಗಳನ್ನ ಹುಲ್ಲುಗಾವಲಿನಿಂದ ಗುಡ್ಡಕ್ಕೆ ಹೊಡೀತಾರೆ. ಆ ದಿನವೇ ಕೇಳೋ ದಿನ. ಗಂಡ, ಅವನಿಲ್ಲದಿದ್ರೆ ಅವನ ಜಾಗಕ್ಕೆ ಬಂದೋನು, ಅವಳ ತುಂಡಿನ ಸುತ್ತಲಿನ ಗೋಡೆ ಸಂದಿಯ ಹೊರಗೆ ನಿಂತು ಟೋಪಿ ತೆಗೆದು ಕೇಳ್ತಾನೆ. ಅವಳು ಒಳಗಿಂದ ಬಾ ಅಂತಲೋ ಬೇಡ ಅಂತಲೋ ಹೇಳ್ಬೇಕು. ಬಾ ಅಂದ್ರೆ ಆ ವರ್ಷ ಅವನಿಷ್ಟ, ಬೇಡ ಅಂದ್ರೆ ಆ ವರ್ಷ ಅವನು ಕಾಲಿಡೋ ಹಾಗಿಲ್ಲ. ಒಳಗೆ ಯಾರೂ ಇಲ್ಲ, ಯಾರೂ ಉತ್ತರ ಕೊಡ್ಲಿಲ್ಲ ಅಂದ್ರೆ ಮಾತ್ರ ತುಂಡು ಅವನದಾಯ್ತು, ಶಾಶ್ವತವಾಗಿ. ಜೊನಾಸ್ ಅದಕ್ಕೇ ಕಾಯ್ತಿದ್ದಾನೆ. ಕೋರ್ಟು ಅಂತ ಹೋದ್ರೆ ಊರೋರು ಮುಖ ನೋಡಲ್ಲ ಅವನದು. ಬರೀ ಗೋಡೇನ ಕೇಳಿ, ಗೋಡೆ ಸುಮ್ಮನಿದ್ರೆ ಊರೋರೂ ಸುಮ್ಮನಿರ್ತಾರೆ.

ಏಳೋಕಾಗಲ್ಲ ಅಂದ್ರೆ ಅವಳ ತವರಿನ ಹೆಣ್ಣೊಬ್ಬಳು ಅವಳ ಜಾಗದಲ್ಲಿ ನಿಲ್ಲಬಹುದು. ತವರಿನ ಹೆಣ್ಣು ಅಂತ ನನಗಿರೋದು ನೀನೊಬ್ಬಳೇ.

ಏನು ಹೇಳ್ಬೇಕು ಅಂತ ನಾನು ಹೇಳಿಕೊಡಲ್ಲ. ಒಳಗೆ ನಿಂತೋಳ ನಾಲಿಗೆ ಅದು. ಒಂದು ಮಾತ್ರ ನೆನಪಿಟ್ಕೋ: ಕಾರಣ ಹೇಳಬಾರದು. ಕಾರಣ ಹೇಳಿದ್ರೆ ಅವನು ಅದಕ್ಕೆ ಉತ್ತರ ಹೇಳ್ತಾನೆ, ಆಮೇಲೆ ಅದು ಪಂಚಾಯ್ತಿಗೆ ಬರತ್ತೆ. ತನ್ನದು ಅನ್ನೋದಕ್ಕೆ ಯಾರೂ ಕಾರಣ ಹೇಳಲ್ಲ. ನಿನಗೆ ಅದು ಕಷ್ಟ, ಗೊತ್ತು.

ಪಕ್ಕದ ಹಾಸಿಗೆಯವಳಿಗೆ ನೀನು ಫಸ್ಟು ಅಂತ ಹೇಳಿದ್ದೀನಿ.

ಹೆಪ್ಸಿಬಾ ಅತ್ತೆ

*

ಆಕ್ಸ್‌ಫರ್ಡ್
2 ಮೇ 1894

ಪ್ರೀತಿಯ ಅತ್ತೆಯವರಿಗೆ,

ಹನ್ನೆರಡರಂದು ನನಗೆ ಬೇರೆ ಕೆಲಸವಿಲ್ಲ. ಬರುತ್ತೇನೆ.

ಅರ್ಸುಲಾ

*

ಸ್ಕೆಲ್‌ಬೆಕ್
12 ಮೇ 1894

ಪ್ರೀತಿಯ ಅತ್ತೆಯವರಿಗೆ,

ಇಂದು ಮೇ ಹನ್ನೆರಡು, ಶನಿವಾರ. ನಿಮ್ಮ ಒಲೆಯ ಮುಂದೆ ಕುಳಿತು ಬರೆಯುತ್ತಿದ್ದೇನೆ. ಹಸುಗಳ ಹಾಲನ್ನು ಪ್ರೂಡೆನ್ಸ್ ಅಜ್ಜಿ ಕರೆದಿದ್ದಾರೆ. ನಾನು ಪ್ರಯತ್ನಿಸಿದೆ, ಹಸು ಒಪ್ಪಲಿಲ್ಲ.

ಪದಕದ ವಿಚಾರವನ್ನು ನೀವು ಮರೆತಿರಬಹುದೆಂದು ಆಶಿಸಿದ್ದೆ. ನಿಮ್ಮ ಪಕ್ಕದ ಹಾಸಿಗೆಯವರು ಮರೆತಿರಲಾರರಾದ್ದರಿಂದ ತಿಳಿಸುತ್ತೇನೆ: ತೀರ್ಪಾದ ಪ್ರಬಂಧದಲ್ಲಿ ಒಂದಕ್ಷರವನ್ನೂ ಬದಲಿಸಲಾಗದು, ಅಚ್ಚಾದಂತೆಯೇ ಓದಬೇಕು ಎಂದು ಸಂಘದವರು ಉತ್ತರಿಸಿದರು. ನಾನು ಪ್ರಬಂಧವನ್ನು ಹಿಂದಕ್ಕೆ ಪಡೆದೆ. ಎರಡನೆಯ ಸ್ಥಾನದಲ್ಲಿದ್ದ ಗೃಹಸ್ಥರು ಇಷ್ಟು ಹೊತ್ತಿಗೆ ಓದಿ ಮುಗಿಸಿರಬೇಕು. ಅವರು 'ಏವ್' ಪದವನ್ನು ತಪ್ಪಾಗಿ ಅರ್ಥೈಸಿದ್ದಾರೆ.

ನಿನ್ನೆ ಸಂಜೆ ಜೊನಾಸ್ ಇಲ್ಲಿಗೆ ಬಂದಿದ್ದ. ನನ್ನನ್ನು ಕಂಡು ಬಾಗಿಲಲ್ಲಿಯೇ ನಿಂತ. ನೀವು ಬರೆದಂತೆ ಅವನು ಕೆಟ್ಟವನಲ್ಲ. ಅದರಿಂದ ನನ್ನ ಕೆಲಸ ಕಠಿಣವಾಯಿತು. ರಸ್ತೆಯಿಂದ ಯಾವ ಮನೆಯ ಯಾರಿಗೆ ಕೆಲಸ ಸಿಗುವುದೆಂದು ಹೆಸರು ಹೆಸರಾಗಿ ಹೇಳಿದ. ನಿಮಗೆ ತನ್ನ ಮನೆಯಲ್ಲಿ ಬೆಚ್ಚನೆಯ ಕೋಣೆಯೊಂದನ್ನು ಬಿಟ್ಟುಕೊಡುವುದಾಗಿ, ಬರಿಯ ಸ್ಟೂಲನ್ನಲ್ಲವೆಂದು, ಹೇಳಿದ. ಈ ಸೊಂಟ ಇಟ್ಟುಕೊಂಡು ನೀವು ಇನ್ನೆಷ್ಟು ಚಳಿಗಾಲ ಹಾಲು ಕರೆಯಬಲ್ಲಿರೆಂದು ಕೇಳಿದ. ಕೊನೆಯಲ್ಲಿ ಜೇಬಿನಿಂದ ಪತ್ರಿಕೆಯ ಆ ತುಣುಕನ್ನು ತೆಗೆದು ಮೇಜಿನ ಮೇಲಿಟ್ಟ.

"ನೀನೇ ಬರ್ದಿದ್ದೀಯಲ್ಲ ತಂಗೀ, ಇದೆಲ್ಲ ಸತ್ತುಹೋಗಿದೆ ಅಂತ. ತಪ್ಪು ಅಂತೀಯಾ? ಹಾಗಾದ್ರೆ ಯಾಕೆ ತಪ್ಪು ಅಂತ ಹೇಳು, ಕೇಳ್ತೀನಿ. ನಾನೇನು ಕಿವುಡನಲ್ಲ."

ಅತ್ತೆ, ನನ್ನ ಬಳಿ ಕಾರಣಗಳಿದ್ದವು. ಶಾಸನಗಳಿದ್ದವು, ಉಯಿಲುಗಳಿದ್ದವು, ಅವನಿಗೆಂದೇ ಬರೆದು ಕಳುಹಿಸದೆ ಉಳಿಸಿಕೊಂಡಿದ್ದ ಐದು ಪುಟಗಳಿದ್ದವು. ಅವನ ಪ್ರತಿಯೊಂದು ಮಾತಿಗೂ ನನ್ನ ನಾಲಿಗೆಯ ತುದಿಯಲ್ಲಿ ಉತ್ತರವಿತ್ತು. ಅವುಗಳಲ್ಲಿ ಒಂದೆರಡು ನಿಜಕ್ಕೂ ಸೊಗಸಾದವು. ನಾನು ಅವನಿಗೆ ಚಹಾ ಕೊಟ್ಟೆ. ಅವನು ಕುಡಿದು, ಚಹಾ ತೀರ ತೆಳುವಾಯಿತೆಂದು ಹೇಳಿ ಹೋದ.

ಬೆಳಗ್ಗೆ ಕುರಿಗಳು ಗುಡ್ಡ ಹತ್ತಿದ ಮೇಲೆ ನಾನು ನಿಮ್ಮ ಏಪ್ರನ್ ಕಟ್ಟಿಕೊಂಡು ಒಳಗೆ ಹೋಗಿ ನಿಂತೆ. ಹುಲ್ಲು ಹಿಮ್ಮಡಿ ಮುಚ್ಚುವಷ್ಟಾಗಿದೆ, ಹಳದಿ ಹೂ ತುಂಬಿದೆ, ಇಬ್ಬನಿಯಿಂದ ಕಾಲುಚೀಲಗಳು ತೊಯ್ದವು. ಗೋಡೆಯ ಹೊರಗೆ ಇಡೀ ಊರೇ ನೆರೆದಿತ್ತು. ಹೆಂಗಸರೆಲ್ಲ ಗೋಡೆಗೆ ಒರಗಿ ಮುಂದಿನ ಸಾಲಿನಲ್ಲಿದ್ದರು. ಅವರಲ್ಲಿ ಕೆಲವರ ಗಂಡಂದಿರಿಗೆ ಗಣಿಯ ಕೆಲಸ ಬೇಕೆಂಬುದು ನಿನ್ನೆಯ ಹೆಸರುಗಳಿಂದ ನನಗೆ ಗೊತ್ತಿತ್ತು. ಪ್ರೂಡೆನ್ಸ್ ಅಜ್ಜಿ ಗಟ್ಟಿಯಾಗಿಯೇ, "ನೆಟ್ಟಗೆ ನಿಂತ್ಕೊಳ್ಳೇ, ಪುಸ್ತಕ ಓದೋ ಹಾಗೆ ಬಗ್ಗಬೇಡ" ಎಂದರು. ಯಾರೋ ನಕ್ಕರು. ಟೋಬಿಯಾಸ್ ತಾತ ಅಜ್ಜಿಯನ್ನು ಸುಮ್ಮನಿರಿಸಿದರು, ಸುಮ್ಮನಿರಿಸುವಾಗ 'ನಮ್ಮ ಹುಡುಗಿ' ಎಂದೇ ಕರೆದರು.

ಜೊನಾಸ್ ಸಂದಿಯ ಬಳಿ ಬಂದು ನಿಂತ. ಆಮೇಲೆ ಟೋಪಿ ತೆಗೆದು ಎದೆಗೆ ಹಿಡಿದುಕೊಂಡು, ಊರಿಗೆಲ್ಲ ಕೇಳಿಸುವಂತೆ ಕೇಳಿದ:

"ಒಳಗೆ ಬರ್ಲಾ?"

"ಬೇಡ" ಎಂದೆ.